ಅರ್ಪಿತವೋ ಅಲಂಕಾರವೋ: ಗಂಡಸು ಪೂಸಿಕೊಳ್ಳುವ ಗಂಧದ ಪ್ರಶ್ನೆ

ಶ್ರೀಗಂಧ, ದೇವದಾರು, ಲಾವಂಚಗಳ ಒಣ ಪರಿಮಳಕ್ಕೆ ಏಲಕ್ಕಿ, ಲವಂಗ, ಕಾಳುಮೆಣಸುಗಳ ಘಾಟನ್ನು ಸೇರಿಸಿ, ಮದ್ಯಸಾರದಲ್ಲಿ ಕರಗಿಸಿದ ದ್ರವವನ್ನು ಇಂದಿನ ಅಂಗಡಿಗಳು ಗಂಡಸರ ಸೆಂಟು ಎಂದು ಮಾರುತ್ತವೆ. ಅದನ್ನು ಹಚ್ಚಿಕೊಳ್ಳುವುದು ಭೋಗವೇ, ಶೌಚದ ಒಂದು ಅಂಗವೇ, ಅಥವಾ ದೇವರಿಗೆ ಅರ್ಪಿಸಿ ಪಡೆಯಬಹುದಾದ ಪ್ರಸಾದವೇ ಎಂಬ ಪ್ರಶ್ನೆಯನ್ನು ಕನ್ನಡ ನಾಡಿನ ಧರ್ಮಚಿಂತನೆ ಬಹಳ ಹಿಂದೆಯೇ ಎತ್ತಿಕೊಂಡಿದೆ. ಆ ಚಿಂತನೆಯ ಹಲವು ಎಳೆಗಳು ಮಾಗಡಿ, ಚನ್ನಪಟ್ಟಣ, ಕನಕಪುರಗಳನ್ನೊಳಗೊಂಡ ರಾಮನಗರದ ಸೀಮೆಯಲ್ಲಿಯೂ ಕಾಣಸಿಗುತ್ತವೆ.

ಭೋಗದ ಪಕ್ಷದಲ್ಲಿ ಸಂಕೋಚವೇನೂ ಇರಲಿಲ್ಲ. 1025ರ ಸುಮಾರಿಗೆ ಕನ್ನಡದಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ವ್ಯವಸಾಯ, ವಾಸ್ತು, ವೈದ್ಯಗಳ ಜೊತೆಯಲ್ಲಿಯೇ ಸುಗಂಧ ತಯಾರಿಕೆಯನ್ನೂ ಗೃಹಸ್ಥನು ಅರಿತಿರಬೇಕಾದ ವಿದ್ಯೆಯೆಂದು ಹೇಳಿಕೊಡುತ್ತದೆ. ಅದಾದ ಒಂದು ಶತಮಾನದ ಬಳಿಕ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ಅರಸನ ಇಪ್ಪತ್ತು ಉಪಭೋಗಗಳನ್ನು ವಿವರಿಸುವಾಗ, ಮೈಗೆ ಗಂಧ ಬಳಿಯುವ ವಿಲೇಪನವನ್ನೂ ಕೋಣೆಗೆ ಹೊಗೆಯ ಪರಿಮಳ ಹಿಡಿಸುವ ಧೂಪವನ್ನೂ ಬೇರೆಬೇರೆಯಾಗಿ ಸೇರಿಸಿದೆ. ಮರದ ಪರಿಮಳ ಗಂಡಸಿನದು, ಹೂವಿನದು ಹೆಂಗಸಿನದು ಎಂಬ ಇಂದಿನ ವಿಂಗಡಣೆ ಮಾರುಕಟ್ಟೆಯ ಸೃಷ್ಟಿಯೇ ಹೊರತು ಈ ನಾಡಿನ ಆಚಾರದ್ದಲ್ಲ, ಏಕೆಂದರೆ ಇಲ್ಲಿ ತೇಯ್ದ ಗಂಧವು ವಧುವಿಗೂ ವರನಿಗೂ ಒಂದೇ ಬಟ್ಟಲಿನಿಂದ ಸಲ್ಲುತ್ತ ಬಂದಿದೆ.

ವಿರಕ್ತಿಯ ಪಕ್ಷವೂ ಅಷ್ಟೇ ಖಚಿತವಾಗಿದೆ. ಮನುಸ್ಮೃತಿ ಬ್ರಹ್ಮಚಾರಿಗೆ ಗಂಧವನ್ನೂ ಮಾಲೆಯನ್ನೂ ವರ್ಜ್ಯವೆನ್ನುತ್ತದೆ. ಆದರೆ ವಿದ್ಯೆ ಮುಗಿದಾಗ ನಡೆಯುವ ಸಮಾವರ್ತನವೆಂಬ ಸಂಸ್ಕಾರದಲ್ಲಿ ಅದೇ ಶಿಷ್ಯನು ಮಿಂದು, ಗಂಧ ಲೇಪಿಸಿಕೊಂಡು, ಮಾಲೆ ಧರಿಸಿ ಗೃಹಸ್ಥಾಶ್ರಮದತ್ತ ಹೊರಡುತ್ತಾನೆ. ಜೈನ ಶ್ರಾವಕಾಚಾರ, ಎಂದರೆ ಗೃಹಸ್ಥರಿಗಾಗಿ ರೂಪಿಸಿದ ನಡವಳಿಕೆಯ ಶಾಸ್ತ್ರ, ಒಮ್ಮೆ ಬಳಸಿದರೆ ಮುಗಿದುಹೋಗುವ ವಸ್ತುಗಳನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವಂಥವನ್ನು ಉಪಭೋಗವೆಂದೂ ವಿಂಗಡಿಸಿ, ಗಂಧವನ್ನು ಮೊದಲನೆಯ ಗುಂಪಿಗೆ ಸೇರಿಸಿ, ಅದಕ್ಕೆ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳಬೇಕೆಂದೂ ಉಪವಾಸದ ದಿನ ಅದನ್ನು ಪೂರ್ತಿ ಬಿಡಬೇಕೆಂದೂ ವಿಧಿಸುತ್ತದೆ. ಆದರೂ ಜಿನಪೂಜೆಯ ಅಷ್ಟದ್ರವ್ಯಗಳಲ್ಲಿ ಗಂಧ ಎರಡನೆಯದು. ಮೂಸಿ ನೋಡುವ ಆಸೆಯೇ ಇಲ್ಲದ ವೀತರಾಗನಿಗೆ ಅದನ್ನು ಅರ್ಪಿಸುವುದು ಸಂಸಾರದ ತಾಪ ಆರಲಿ ಎಂಬ ಭಾವದಿಂದ. ಸ್ವೀಕರಿಸುವವನಿಗೆ ಬೇಡವಾದ ವಸ್ತುವನ್ನು ಕೊಡುವುದರಿಂದ ಕೊಡುವವನ ಹಿಡಿತ ಸಡಿಲವಾಗುತ್ತದೆ ಎಂಬ ಆಳವಾದ ತಿಳಿವಳಿಕೆ ಇದರ ಹಿಂದಿದೆ.

ಮಾಗಡಿ ತಾಲ್ಲೂಕಿನ ಕಲ್ಯ ಎಂಬ ಹಳ್ಳಿಯಲ್ಲಿ ಈ ಚರ್ಚೆ ಮತ್ತೊಂದು ತಿರುವು ಪಡೆಯುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ವಿಜಯನಗರದ ಅರಸು ಬುಕ್ಕರಾಯನು 1368ರಲ್ಲಿ ಮಾಡಿಸಿದ ಒಪ್ಪಂದದ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಇಲ್ಲಿಯೂ ದೊರೆತಿದೆ. ತೆಲುಗಿನಲ್ಲಿ ಬಸವಪುರಾಣವನ್ನು ಬರೆದ ಪಾಲ್ಕುರಿಕೆ ಸೋಮನಾಥನು ಐಕ್ಯನಾದದ್ದೂ ಇಲ್ಲಿಯೇ ಎಂದು ವೀರಶೈವ ಪರಂಪರೆ ನಂಬುತ್ತದೆ. ಆ ಪರಂಪರೆಯ ಷಟ್‌ಸ್ಥಲ ಸಿದ್ಧಾಂತ, ಅಂದರೆ ಭಕ್ತನು ಆರು ಮೆಟ್ಟಿಲುಗಳಲ್ಲಿ ಶಿವನೊಡನೆ ಒಂದಾಗುವ ಕ್ರಮ, ಇಂದ್ರಿಯಗಳನ್ನು ಕೊಲ್ಲಲು ಹೇಳುವುದಿಲ್ಲ. ಅದು ಒಂದೊಂದು ಇಂದ್ರಿಯದ ಮುಖದಲ್ಲಿಯೂ ಒಂದೊಂದು ಲಿಂಗವನ್ನು ನೆಲೆಗೊಳಿಸಿ, ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ ಎಂದು ಮುಂದುವರಿದು, ಯಾವ ವಿಷಯವೂ ಮೊದಲು ಲಿಂಗಕ್ಕೆ ಸಂದು ಆಮೇಲೆ ಪ್ರಸಾದವಾಗಿ ಭಕ್ತನಿಗೆ ಬರಬೇಕೆನ್ನುತ್ತದೆ. ಹೀಗೆ ಮೊದಲು ಸಲ್ಲಿಸುವುದಕ್ಕೆ ಅರ್ಪಿತ ಎಂದು ಹೆಸರು. ಇಲ್ಲಿ ಸುಗಂಧಕ್ಕೆ ನಿಷೇಧವಿಲ್ಲ. ಸುಖವು ತನ್ನದೆಂಬ ಹಕ್ಕಿಗೆ ಮಾತ್ರ ನಿಷೇಧವಿದೆ.

ಆರು ಲಿಂಗಗಳಲ್ಲಿ ಗಂಧವು ಆಚಾರಲಿಂಗಕ್ಕೇ, ಭಕ್ತಸ್ಥಲವೆಂಬ ಮೊದಲ ಮೆಟ್ಟಿಲಿಗೇ ಸೇರಿರುವುದನ್ನು ಆಕಸ್ಮಿಕವೆಂದು ಬಿಟ್ಟುಬಿಡಬಾರದು. ಅದೇ ಸಿದ್ಧಾಂತದ ಪಂಚಾಚಾರಗಳಲ್ಲಿ ಒಂದಾದ ಸದಾಚಾರವು ಸತ್ಯಶುದ್ಧ ಕಾಯಕದಿಂದ ಗಳಿಸಿದ್ದು ಮಾತ್ರ ಅರ್ಪಣೆಗೆ ಯೋಗ್ಯವೆಂದು ಹೇಳುತ್ತದೆ. ಹಾಗಿದ್ದಮೇಲೆ ಗಂಧವನ್ನು ಲಿಂಗಕ್ಕೆ ಮುಟ್ಟಿಸುವ ಕ್ರಿಯೆಯೊಂದೇ ಅದನ್ನು ಅರ್ಪಿತವಾಗಿಸಲಾರದು. ಗಂಧ ಎಲ್ಲಿಂದ, ಯಾರ ದುಡಿಮೆಯಿಂದ, ಯಾವ ದಾರಿಯಲ್ಲಿ ಕೈಗೆ ಬಂತು ಎಂಬುದೂ ಪೂಜೆಯ ಒಳಗಿನ ಪ್ರಶ್ನೆಯೇ ಆಗುತ್ತದೆ.

ಗಂಧ ಎಲ್ಲಿಗೆ ಹೋಗುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ವೇದಾಂತ ಕೈಗೆತ್ತಿಕೊಂಡಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಅಣುವಿನಷ್ಟು ಚಿಕ್ಕದಾದ ಜೀವವು ಇಡೀ ದೇಹದ ಅನುಭವವನ್ನು ಹೇಗೆ ಪಡೆದೀತು ಎಂಬ ಸಂದೇಹಕ್ಕೆ ಗಂಧದ್ದೇ ದೃಷ್ಟಾಂತವಿದೆ: ಒಂದೆಡೆ ಇಟ್ಟ ಚಂದನದ ಹನಿ ಮೈಯೆಲ್ಲವನ್ನೂ ತಣಿಸುವಂತೆ, ಹೃದಯದಲ್ಲಿರುವ ಜೀವದ ಚೈತನ್ಯ ಶರೀರವನ್ನೆಲ್ಲ ವ್ಯಾಪಿಸುತ್ತದೆ. ಶಂಕರರು ಇದನ್ನು ಪೂರ್ವಪಕ್ಷವೆಂದು, ಅಂದರೆ ಮುಂದೆ ನಿರಾಕರಿಸಲಿರುವ ಎದುರುವಾದವೆಂದು ಓದಿದರೆ, ರಾಮಾನುಜರೂ ಮಧ್ವರೂ ಸಿದ್ಧಾಂತವೆಂದೇ ಒಪ್ಪುತ್ತಾರೆ. ಹೂವನ್ನು ಬಿಟ್ಟು ಪರಿಮಳ ಆಚೆಗೆ ಹರಡುವ ಇನ್ನೊಂದು ದೃಷ್ಟಾಂತವೂ ಅಲ್ಲಿಯೇ ಇದೆ. ಗುಣವು ದ್ರವ್ಯವನ್ನು ಬಿಟ್ಟು ಹೋಗದು, ಆದ್ದರಿಂದ ಪರಿಮಳದ ಜೊತೆ ಅದರ ಸೂಕ್ಷ್ಮ ಕಣಗಳೂ ಹೋಗುತ್ತವೆ ಎಂಬುದು ಶಂಕರರ ಉತ್ತರ. ಗಾಳಿಗೆ ಹಾರಿದ ಅಣುಗಳು ಮೂಗಿನ ಗ್ರಾಹಕಗಳನ್ನು ತಲುಪುವುದರಿಂದಲೇ ವಾಸನೆ ತಿಳಿಯುತ್ತದೆ ಎನ್ನುವ ಇಂದಿನ ರಸಾಯನಶಾಸ್ತ್ರ ಈ ಒಂದು ಅಂಶದಲ್ಲಿ ಅವರ ಪರವಾಗಿ ನಿಲ್ಲುತ್ತದೆ. ಏಲಕ್ಕಿ, ಮೆಣಸುಗಳ ಹಗುರ ಅಣುಗಳು ಬೇಗ ಹಾರಿಹೋಗಿ, ಶ್ರೀಗಂಧದ ಸಾಂಟಲಾಲ್‌ನಂಥ ಭಾರವಾದವು ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುವುದರಿಂದಲೇ ಸೆಂಟಿನ ಘಾಟು ಮೊದಲು ಇಳಿದು ಮರದ ಪರಿಮಳ ಕೊನೆಗೆ ಉಳಿಯುತ್ತದೆ.

ಮಧ್ವಸಿದ್ಧಾಂತವನ್ನು ತರ್ಕದ ಅತ್ಯುನ್ನತ ಮಟ್ಟಕ್ಕೆ ಒಯ್ದ ವ್ಯಾಸತೀರ್ಥರ ಗುರುಗಳಾದ ಬ್ರಹ್ಮಣ್ಯತೀರ್ಥರ ಬೃಂದಾವನ ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿದೆ. ಈ ಸಂಪ್ರದಾಯದ ಮಠಗಳಲ್ಲಿ ದೇವರಿಗೆ ಸಮರ್ಪಿಸಿದ ಗಂಧವನ್ನೇ ಭಕ್ತರು ನಿರ್ಮಾಲ್ಯವಾಗಿ ಪಡೆಯುತ್ತಾರೆ. ಹಣೆ, ತೋಳುಗಳಿಗೆ ನಿತ್ಯ ಹಚ್ಚುವ ಗೋಪೀಚಂದನವಂತೂ ಮರದ್ದಲ್ಲ, ಪರಿಮಳಕ್ಕಾಗಿ ಹಚ್ಚುವುದೂ ಅಲ್ಲದ ಜೇಡಿಮಣ್ಣು. ಪರಿಮಳವು ತನ್ನ ಮೂಲದಲ್ಲಷ್ಟೇ ನಿಲ್ಲದು ಎಂಬ ಸೂತ್ರದ ದೃಷ್ಟಾಂತವನ್ನು ನಡವಳಿಕೆಗೆ ಅನ್ವಯಿಸಿದರೆ ಒಂದು ಕಠಿಣ ಕರ್ತವ್ಯ ಎದುರಾಗುತ್ತದೆ. ಕಣ್ಣಿಗೆ ರೆಪ್ಪೆಯುಂಟು, ಬೇಡವಾದ ರುಚಿಗೆ ಬಾಯಿ ಮುಚ್ಚಬಹುದು, ಆದರೆ ಉಸಿರಾಡುವವನು ಮೂಗನ್ನು ಮುಚ್ಚಿಕೊಂಡಿರಲಾರ. ರಾಮನಗರದಿಂದ ಬೆಂಗಳೂರಿಗೆ ಹೋಗುವ ಮುಂಜಾನೆಯ ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬನು ಸುರಿದುಕೊಂಡ ಸೆಂಟು, ಉಬ್ಬಸವಿರುವ ಪಕ್ಕದವನ ಎದೆಯೊಳಕ್ಕೂ ಹೋಗುತ್ತದೆ, ಅವನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಇದು ಶಿಷ್ಟಾಚಾರದ ಚಿಕ್ಕ ವಿಷಯವಲ್ಲ, ಅಹಿಂಸೆಯ ವಿಷಯ.

ಚನ್ನಪಟ್ಟಣದಲ್ಲಿ ತಲೆಮಾರುಗಳಿಂದ ನೆಲೆಸಿರುವ ಮುಸ್ಲಿಮರ ಧರ್ಮದಲ್ಲಿಯೂ ಗಂಧವನ್ನು ಯಾವಾಗ ಹಚ್ಚಬೇಕು, ಯಾವಾಗ ಬಿಡಬೇಕು ಎಂಬ ವಿವೇಕವಿದೆ. ಶುಕ್ರವಾರದ ಸಾಮೂಹಿಕ ನಮಾಜಿಗೆ ಮಿಂದು ಅತ್ತರು ಹಚ್ಚಿಕೊಂಡು ಬರುವುದು ಗಂಡಸಿಗೆ ಪುಣ್ಯದ ಆಚಾರ. ಆದರೆ ಹಜ್ ಯಾತ್ರೆಯಲ್ಲಿ ಇಹ್ರಾಮ್ ಎಂಬ ದೀಕ್ಷೆ ತೊಟ್ಟಮೇಲೆ ಹೊಸದಾಗಿ ಸುಗಂಧ ಹಚ್ಚುವಂತಿಲ್ಲ. ಒಂದೇ ಅತ್ತರು ಜನರ ನಡುವೆ ನಿಲ್ಲುವಾಗ ಸೌಜನ್ಯವೂ ಎಲ್ಲವನ್ನೂ ಬಿಟ್ಟು ನಿಲ್ಲುವಾಗ ವರ್ಜ್ಯವೂ ಆಗುತ್ತದೆ.

ಇನ್ನು ಗಂಧ ಬಂದ ದಾರಿ. ಕನಕಪುರ, ಮಾಗಡಿ ಕಡೆಯ ಒಣ ಕುರುಚಲು ಕಾಡು ಶ್ರೀಗಂಧಕ್ಕೆ ಒಗ್ಗುವ ನೆಲ. ಈ ಮರ ಅರೆಪರಾವಲಂಬಿ. ಬೇರುಗಳಿಂದ ನೆರೆಯ ಗಿಡಗಳ ಬೇರನ್ನು ಹಿಡಿದು ಅವುಗಳಿಂದ ಆಹಾರದ ಒಂದು ಭಾಗವನ್ನು ಪಡೆಯುತ್ತದೆ. ಎಣ್ಣೆಯಿರುವುದು ಮರದ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ಹತ್ತು ಹದಿನೈದು ವರ್ಷ ಬೇಕು, ಚೆನ್ನಾಗಿ ಬಲಿಯಲು ಅದರ ಎರಡರಷ್ಟು ಕಾಲ ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಕಡಿಯುವ ಬದಲು ಬುಡಸಮೇತ ಕೀಳುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ ರೈತನ ಹೊಲದಲ್ಲಿ ಬೆಳೆದ ಗಂಧವೂ ರೈತನದಾಗಿ ಉಳಿಯಲಿಲ್ಲ. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಹೋಗಬೇಕಿದ್ದ ಮರ ಇಲ್ಲಿಯೇ ಉಳಿದಾಗ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದರು. ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ ಮರದ ಒಡೆತನ ಭೂಮಾಲೀಕನಿಗೆ ಮರಳಿದರೂ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಇಂದಿಗೂ ಬೇಕು. ಈ ನಡುವಿನ ಎರಡು ಶತಮಾನಗಳಲ್ಲಿ, ತನಗೆ ದಕ್ಕದ ಮರವನ್ನು ರೈತನು ನೆಡದೆ ಬಿಟ್ಟದ್ದರಿಂದಲೂ, ಕಳ್ಳರು ಬಲಿಯುವ ಮೊದಲೇ ಕಿತ್ತದ್ದರಿಂದಲೂ, ಸ್ಪೈಕ್ ರೋಗದಿಂದಲೂ ಕಾಡಿನ ಗಂಧ ಕ್ಷೀಣಿಸಿತು.

ಹೀಗಿರುವಾಗ ಪ್ರಯೋಗಾಲಯದಲ್ಲಿ ತಯಾರಾದ ಗಂಧದ ಪರಿಮಳ ನಿಜವಾದ ಗಂಧವೇ ಎಂಬ ಪ್ರಶ್ನೆಯನ್ನು ನ್ಯಾಯಶಾಸ್ತ್ರ ಸರಳವಾಗಿ ಬಿಡಿಸುತ್ತದೆ. ಗಂಧವು ಪೃಥ್ವಿಯ ವಿಶೇಷ ಗುಣ, ಬೇರೆಲ್ಲಿ ಕಂಡರೂ ಅದು ಅಲ್ಲಿ ಬೆರೆತ ಪಾರ್ಥಿವ ಕಣಗಳದ್ದೇ ಎಂಬ ಅದರ ನಿರ್ಣಯದಂತೆ, ಕಾರ್ಖಾನೆಯ ಅಣುವೂ ಪೃಥ್ವಿಯದೇ. ಅರ್ಪಣೆಗೆ ಅದು ಅನರ್ಹವೆನ್ನಲು ಆಧಾರವಿಲ್ಲ. ಕದ್ದ ಮರದ ಅಪ್ಪಟ ಎಣ್ಣೆಗಿಂತ ನ್ಯಾಯವಾಗಿ ಕೊಂಡ ಕೃತಕ ಗಂಧ ಆಚಾರಲಿಂಗಕ್ಕೆ ಹೆಚ್ಚು ಸಲ್ಲುತ್ತದೆ, ಮತ್ತು ಬೆಲೆ ಎಷ್ಟೇ ಇರಲಿ, ಮೂಲ ತಿಳಿಯದ ಶ್ರೀಗಂಧದೆಣ್ಣೆಯನ್ನು ಶ್ರದ್ಧಾವಂತನು ಮೈಗೂ ದೇವರಿಗೂ ಹಚ್ಚಬಾರದು.