ನಲ್ಲಿ ಬಂದ್ ಮಾಡುವ ಮೊದಲು

ಬಾಯಾರಿದವರಿಗೆ ನೀರು ಇಲ್ಲವೆನ್ನಬಾರದು ಎಂಬುದು ನಮ್ಮ ಕಡೆ ಯಾರೂ ಕೂರಿಸಿಕೊಂಡು ಹೇಳಿಕೊಡದೆ ಬರುವ ಪಾಠ. ಬಾಗಿಲಿಗೆ ಬಂದವರನ್ನು ಯಾವೂರು, ಏನು ಬಂದಿರಿ ಎಂದು ಕೇಳುವುದು ಆಮೇಲೆ. ಮೊದಲು ಒಂದು ತಂಬಿಗೆ ನೀರು, ಅನುಕೂಲವಿದ್ದರೆ ಜೊತೆಗೊಂದು ಚೂರು ಬೆಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬಳ್ಳಾರಿ ಸೀಮೆಯ ಬಿಸಿಲನ್ನು ಕಂಡವರಿಗೆ ಅರವಟ್ಟಿಗೆ ಇಡುವುದು ಯಾಕೆ ಪುಣ್ಯದ ಕೆಲಸವೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಧರ್ಮವನ್ನು ಎಲ್ಲರ ಪಾಲಿಗೂ ಒಂದೇ ಸಮನಾಗಿ ನಡೆಸಿದೆವೆಂದು ಹೇಳಲಾರೆ. ಯಾರನ್ನು ಬಾವಿಯ ಕಟ್ಟೆ ಹತ್ತಗೊಟ್ಟೆವು, ಯಾರನ್ನು ದೂರ ನಿಲ್ಲಿಸಿದೆವು ಎಂಬುದು ಗೊತ್ತಿದ್ದದ್ದೇ. ಆದರೂ ನೀರು ಕೊಡುವುದು ಪುಣ್ಯ, ನಿಲ್ಲಿಸುವುದು ಪಾಪ ಎಂಬ ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಹಾಗಾದರೆ ಕೊಡುವ ನೀರೇ ಕೆಟ್ಟದ್ದಾಗಿದ್ದರೆ? ಅದು ಕೆಟ್ಟದ್ದೆಂದು ಕೊಡುವವರಿಗೆ ಗೊತ್ತಿದ್ದರೆ? ಆಗ ಈ ಲೆಕ್ಕ ತಿರುಗುಮುರುಗಾಗುತ್ತದೆಯೇ?

ಹಿಂದಿನವರು ನೀರನ್ನು ಪರೀಕ್ಷಿಸುತ್ತಿದ್ದುದು ಕಣ್ಣು, ಮೂಗು, ನಾಲಿಗೆಗಳಿಂದ. ಕದಡಿದ್ದರೆ ತಿಳಿಯಾಗಲು ಬಿಡುವುದು, ಬಟ್ಟೆ ಕಟ್ಟಿ ಸೋಸುವುದು, ಅನುಮಾನ ಬಂದರೆ ಕಾಯಿಸಿ ಆರಿಸುವುದು. ಸೀಸ ಈ ಯಾವ ಪರೀಕ್ಷೆಗೂ ಸಿಗುವುದಿಲ್ಲ. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಹೋಗುವುದಂತೂ ಇಲ್ಲ; ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದುದರಲ್ಲಿ ಸೀಸದ ಪ್ರಮಾಣ ಹೆಚ್ಚುತ್ತದೆ. ಕುಡಿಯುವ ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಮ್ ಮೀರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಇಷ್ಟಿದ್ದರೆ ಅಪಾಯವೇ ಇಲ್ಲ ಎನ್ನುವಂಥ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಸೀಸ ನಮಗೆ ಹೊಸಬನಲ್ಲ. ಬೀಡು ಕಬ್ಬಿಣದ ದೊಡ್ಡ ಪೈಪುಗಳನ್ನು ಕೂಡಿಸುವಾಗ ಸಂದಿಗೆ ಸೆಣಬಿನ ಹುರಿ ತುರುಕಿ, ಕರಗಿಸಿದ ಸೀಸ ಹೊಯ್ದು, ಉಳಿಯಿಟ್ಟು ಬಡಿಯುತ್ತಿದ್ದುದನ್ನು ನನ್ನ ವಯಸ್ಸಿನವರು ಬೀದಿಯಲ್ಲಿ ನಿಂತು ನೋಡಿದ್ದೇವೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರದಲ್ಲಿ ಕಾಸು ಉಳಿಸಲು ಸೀಸ ಬೆರೆಸುವವರೂ ಇದ್ದರು. ಬೀದಿಯ ಪೈಪಿನಿಂದ ಮನೆಯ ಪೈಪಿಗೆ ಕೂಡಿಸುವ ಬಗ್ಗಿದ ತುಂಡನ್ನು, ಬಾತುಕೋಳಿಯ ಕತ್ತಿನಂತಿರುವುದನ್ನು, ಹಿಂದೆ ಸೀಸದಲ್ಲೂ ಮಾಡುತ್ತಿದ್ದರು. ಸೀಸ ಮೆದು, ನೆಲ ಕುಸಿದರೆ ಮುರಿಯದೆ ಬಾಗುತ್ತದೆ. ಆ ಗುಣವೇ ಅದನ್ನು ಎಲ್ಲರ ಮನೆಯ ಬಾಗಿಲ ತನಕ ತಂದಿತು.

ಹೊಸಪೇಟೆಯ ಹಳೆಯ ಬೀದಿಯೊಂದರಲ್ಲಿ ನನ್ನ ದೊಡ್ಡಮ್ಮನ ಮಗಳ ಮನೆಯಿದೆ. ಅವಳ ಮಾವನವರ ಕಾಲದ ನಲ್ಲಿ. ಮುಂದೆ ಅಕ್ಕ ಇರುತ್ತಾಳೆ, ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಯವರು: ಗಂಡ, ಐದು ತಿಂಗಳ ಬಸುರಿ ಹೆಂಡತಿ, ಎರಡು ವರ್ಷದ ಗಂಡುಮಗು. ಬಾಗಿಲ ಮುಂದೆ ನೀರು ಜಿನುಗುತ್ತದೆಂದು ನೆಲ ಅಗೆಸಿದಾಗ ಪ್ಲಂಬರ್ ಆ ಬಗ್ಗಿದ ತುಂಡನ್ನು ತೋರಿಸಿದ. ಮೇಲೆ ಮಾಸಲು ಬೂದಿ ಬಣ್ಣ. ಚಾಕುವಿನಿಂದ ಗೀಚಿದರೆ ಬೆಣ್ಣೆಯಂತೆ ಕೊರೆದು ಬೆಳ್ಳಿಯಂತೆ ಹೊಳೆಯಿತು. ಅದು ಸೀಸವೇ ಆಗಿತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: ಈ ಕ್ಷಣವೇ ವಾಲ್ವ್ ತಿರುಗಿಸಿ ಮನೆಗೆಲ್ಲ ನೀರು ಬಂದ್ ಮಾಡಿ. ಅಕ್ಕ ಒಪ್ಪಲಿಲ್ಲ. "ಬಸುರಿ ಹೆಂಗಸು ಇರೋ ಮನಿಗೆ ನೀರು ನಿಲ್ಲಿಸಿದ್ರೆ ಏಳು ಜನ್ಮಕ್ಕೂ ಪಾಪ ಬಿಡಂಗಿಲ್ಲ. ಇಷ್ಟು ವರ್ಷ ನಾವೂ ಇದೇ ನೀರು ಕುಡಿದೀವಿ, ಏನಾಗೇತಿ?" ಎಂದಳು. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು.

ಏನಾಗಿದೆ ಎಂಬ ಅಕ್ಕನ ಮಾತಿಗೆ ಉತ್ತರಿಸುವುದು ಕಷ್ಟ. ಸೀಸದ ಕೇಡು ವಾಂತಿ-ಭೇದಿಯಂತೆ ರಾತ್ರೋರಾತ್ರಿ ಎದ್ದು ಬರುವುದಿಲ್ಲ. ಅದು ಎಲುಬಿನಲ್ಲಿ ವರ್ಷಾನುಗಟ್ಟಲೆ ಕೂತಿರುತ್ತದೆ. ಹೆಣ್ಣು ಬಸುರಾದಾಗ ಎಲುಬಿನಿಂದ ರಕ್ತಕ್ಕೆ ಇಳಿದು ಹೊಟ್ಟೆಯ ಮಗುವನ್ನು ಮುಟ್ಟುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಎಳೆಯ ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಅದರಿಂದ ಕುಗ್ಗುವುದು ಮಗುವಿನ ಗ್ರಹಣಶಕ್ತಿ, ಏಕಾಗ್ರತೆ. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗ ಮೂರು ಸಲ ಹೇಳಿದರೂ ಮಗ್ಗಿ ಮರೆತರೆ ನಾವು ಅವನನ್ನು ದಡ್ಡನೆನ್ನುತ್ತೇವೆ, ಮನೆಯಲ್ಲಿ ಹಣೆಬರಹವೆನ್ನುತ್ತಾರೆ. ಇಂಥ ಮಗು ಇಂಥ ನೀರಿನಿಂದಲೇ ಹೀಗಾಯಿತೆಂದು ಬೆರಳು ತೋರಿಸಿ ಹೇಳಲು ಯಾವ ಟೀಚರಿಗೂ ಸಾಧ್ಯವಿಲ್ಲ. ಹಾನಿಗೆ ಹೆಸರಿಲ್ಲದಿದ್ದಾಗ ತಪ್ಪಿತಸ್ಥರೂ ಇರುವುದಿಲ್ಲ. 'ಏನಾಗಿದೆ' ಎಂದು ಕೇಳುವುದು ಸುಲಭವಾಗುವುದೇ ಅದಕ್ಕೆ.

ಅಷ್ಟಕ್ಕೇ ಅಕ್ಕನ ಮಗ ಹೇಳಿದ್ದು ಸರಿಯೆನ್ನಲು ನನಗೆ ಮನಸ್ಸಾಗಲಿಲ್ಲ. ಕುಡಿಯುವವಳನ್ನು ಇನ್ನೂ ಯಾರೂ ಕೇಳಿರಲಿಲ್ಲ. ಅದೇ ಸಂಜೆ ಅಕ್ಕನೂ ನಾನೂ ಹಿಂದಿನ ಮನೆಗೆ ಹೋಗಿ ಆ ಹುಡುಗಿಗೆ ಎಲ್ಲವನ್ನೂ ಹೇಳಿದೆವು. ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಪೂರ್ತಿ ಕೇಳಿದಳು. ಆಮೇಲೆ, "ನಳ ಬಂದ್ ಮಾಡ್ರಿ ಅಕ್ಕೋರೆ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀರು ಹೊರೋರು ಯಾರು, ಅದೊಂದು ಹೇಳ್ರಿ" ಎಂದಳು.

ನಮ್ಮ ಮೂವರ ವಾದದಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಗಂಡ ಬೆಳಗಿನ ಐದೂವರೆಗೆ ಕೆಲಸಕ್ಕೆ ಹೊರಡುವವನು. ನಲ್ಲಿ ಬಂದಾದರೆ ಕೊಡ ಅವಳ ಸೊಂಟಕ್ಕೇ ಬರುತ್ತದೆ, ಐದು ತಿಂಗಳ ಬಸುರಿಯ ಸೊಂಟಕ್ಕೆ. ಫೋನಿನಲ್ಲಿ ಬಂದ್ ಮಾಡಿ ಎನ್ನುವವರಿಗೆ ಬೇರೆ ನೀರಿರುತ್ತದೆ. ಅಪಾಯ ತಪ್ಪಿಸಿದ ಸಮಾಧಾನ ಅವರದು, ಹೊರೆ ಇನ್ನೊಬ್ಬರದು. ನಲ್ಲಿ ನಿಲ್ಲಿಸುವವರು ಕೊಡವನ್ನೂ ಎತ್ತಬೇಕು. ಎತ್ತಲಾಗದಿದ್ದರೆ ಎತ್ತುವವರ ಕೂಲಿಯನ್ನಾದರೂ ಕೊಡಬೇಕು. ನಿಲ್ಲಿಸುವ ಹಕ್ಕು ಆ ಮೇಲಿನದು.

ನೀರಿನ ಸ್ವಭಾವವೂ ಇದನ್ನೇ ಹೇಳುತ್ತದೆ. ವಾಲ್ವ್ ತಿರುಗಿಸಿದೊಡನೆ ಕೇಡು ನಿಂತಿತೆಂದು ನಾವು ತಿಳಿಯುತ್ತೇವೆ. ಆದರೆ ಪೈಪಿನಲ್ಲಿ ನಿಂತ ನೀರು ಸುಮ್ಮನಿರುವುದಿಲ್ಲ. ನಿಂತಷ್ಟು ಹೊತ್ತೂ ಸೀಸವನ್ನು ಕರಗಿಸಿಕೊಳ್ಳುತ್ತಿರುತ್ತದೆ. ಹಳೆಯ ಪೈಪಿನೊಳಗೆ ವರ್ಷಗಳಿಂದ ಒಂದು ಪದರ ಕಟ್ಟಿಕೊಂಡಿರುತ್ತದೆ, ಒಂದು ಮಟ್ಟಿಗೆ ಅದೇ ಕಾವಲು. ನಿಲ್ಲಿಸಿ ಮತ್ತೆ ರಭಸದಿಂದ ಬಿಟ್ಟಾಗ, ಇಲ್ಲವೇ ಪಕ್ಕದಲ್ಲಿ ಅಗೆದು ಅಲುಗಿಸಿದಾಗ, ಆ ಪದರ ಚೂರುಚೂರಾಗಿ ಕಿತ್ತು ನೀರಿನೊಡನೆ ಬರುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ನಮ್ಮ ಊರುಗಳಲ್ಲಂತೂ ನಿಲ್ಲಿಸುವುದು, ಬಿಡುವುದು ನಡೆದೇ ಇರುತ್ತದೆ. ಹಾಗಾಗಿ ನಲ್ಲಿ ಬಂದ್ ಮಾಡಿ ಕೈ ಕೊಡವಿ ಏಳುವಂತಿಲ್ಲ. ಮುಂದೆ ಬಿಡುವವರಿಗೆ, ಬಿಟ್ಟ ಮೇಲೆ ಕುಡಿಯುವವರಿಗೆ ಹೇಳುವ ಕೆಲಸ ಉಳಿದೇ ಇರುತ್ತದೆ.

ತಿಳಿದ ಮಾತ್ರಕ್ಕೆ ಜನ ನಿಲ್ಲಿಸುತ್ತಾರೆಂಬ ಭರವಸೆಯೂ ಇಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಿಟ್ರುವಿಯಸ್, ಸೀಸದ ಕೆಲಸಗಾರರ ಬಿಳಿಚಿದ ಮೈ ನೋಡಿ, ಸೀಸದ ಕೊಳವೆಯ ನೀರಿಗಿಂತ ಮಣ್ಣಿನ ಕೊಳವೆಯ ನೀರೇ ಆರೋಗ್ಯಕರವೆಂದು ಬರೆದ. ರೋಮಿನವರು ಸೀಸದ ಕೊಳವೆ ಬಿಡಲಿಲ್ಲ. ನಾನಿರುವ ಕಮಲಾಪುರದ ಕೆರೆಗೆ ರಾಯ ಕಾಲುವೆಯಿಂದ ನೀರು ಬರುತ್ತದೆ. ಪಕ್ಕದ ಹಂಪಿಯ ಅರಮನೆ ಆವರಣದಲ್ಲಿ ಕಲ್ಲಿನ ದೋಣಿಗಳನ್ನೂ ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳನ್ನೂ ಕಾಣಬಹುದು. ನಮ್ಮ ಹಿರಿಯರು ಸೀಸದ ಗುಟ್ಟು ಬಲ್ಲವರಾಗಿದ್ದರೆಂದು ನಾನು ಹೆಮ್ಮೆಪಡಲಾರೆ. ಕಲ್ಲು, ಮಣ್ಣು ಕೈಗೆ ಸಿಕ್ಕವು, ಬಳಸಿದರು. ಅದು ನಮ್ಮ ಅದೃಷ್ಟ. ಅದೃಷ್ಟದಿಂದ ಉಳಿದವರು ತಿಳಿದೂ ಕುಡಿಸಿದವರಿಗೆ ಬುದ್ಧಿ ಹೇಳುವಂತಿಲ್ಲ.

ಅಮೆರಿಕದ ಫ್ಲಿಂಟ್ ಎಂಬ ಊರಿನ ಕಥೆ ಇದಕ್ಕಿಂತ ಕಹಿ. 2014ರ ಏಪ್ರಿಲ್‌ನಲ್ಲಿ ಹಣ ಉಳಿಸಲು ಊರಿನ ನೀರನ್ನು ಫ್ಲಿಂಟ್ ನದಿಗೆ ಬದಲಾಯಿಸಿದರು. ಪೈಪು ಸವೆಯದಂತೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಪೈಪಿನೊಳಗಿನ ಪದರ ಕಿತ್ತು ಸೀಸ ಮನೆಮನೆಗೆ ಹರಿಯಿತು. ಜನ ಬಾಟಲಿಯಲ್ಲಿ ಕೆಂಪು ನೀರು ಹಿಡಿದು ತೋರಿಸಿದರೂ ನೀರು ಚೆನ್ನಾಗಿದೆ ಎಂದೇ ಅಧಿಕಾರಿಗಳು ಹೇಳಿದರು. ಬಿಡದೆ ತನ್ನ ಮನೆಯ ನೀರನ್ನು ಪರೀಕ್ಷೆ ಮಾಡಿಸಿದವಳು ಲೀಆ್ಯನ್ ವಾಲ್ಟರ್ಸ್ ಎಂಬ ತಾಯಿ. ಮಕ್ಕಳ ರಕ್ತದ ಲೆಕ್ಕ ತೆಗೆದು 2015ರ ಸೆಪ್ಟೆಂಬರ್‌ನಲ್ಲಿ ಜನರ ಮುಂದಿಟ್ಟವರು ಮೋನಾ ಹನ್ನಾ-ಅಟೀಶಾ ಎಂಬ ಮಕ್ಕಳ ವೈದ್ಯೆ. ಆ ಅಕ್ಟೋಬರ್‌ನಲ್ಲಿ ಹಳೆಯ ನೀರನ್ನೇ ತಿರುಗಿ ಬಿಟ್ಟರು. ಆದರೆ ಕಿತ್ತುಹೋದ ಪದರ ಮತ್ತೆ ಕಟ್ಟಿಕೊಳ್ಳಲು ಕಾಲ ಹಿಡಿಯಿತು. ಕಳೆದುಹೋದ ನಂಬಿಕೆಗೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅಲ್ಲಿ ಸೀಸದಷ್ಟೇ ಕೇಡು ಮಾಡಿದ್ದು ಮುಚ್ಚಿಟ್ಟ ಮಾತು.

ಹೊಸಪೇಟೆಯ ಮನೆಯಲ್ಲಿ ಮಾಡಿದ್ದು ಇಷ್ಟು. ಸೀಸದ ನೀರು ಮೈಗೆ ತಾಗಿದರೆ ಚರ್ಮದಿಂದ ಒಳಗಿಳಿಯುವುದಿಲ್ಲವಾದ್ದರಿಂದ ಸ್ನಾನ, ಬಟ್ಟೆ, ನೆಲ ಒರೆಸುವುದಕ್ಕೆ ಆ ನೀರೇ ಇರಲೆಂದು ಬಿಟ್ಟೆವು. ಕುಡಿಯುವ, ಅಡಿಗೆಯ ನೀರಿಗೆ ಮಾತ್ರ ಕಬ್ಬಿಣದ ಪೈಪಿರುವ ಪಕ್ಕದ ಮನೆಯ ನಲ್ಲಿ. ಮಗು ಹೋಗಿ ಬಾಯಿಡದಂತೆ ಅಡಿಗೆಮನೆಯ ನಲ್ಲಿಗೆ ಕೆಂಪು ಬಟ್ಟೆ ಕಟ್ಟಿದೆವು. ಕೊಡ ಹೊರಲು ಅಕ್ಕ ಒಬ್ಬಳನ್ನು ಗೊತ್ತುಮಾಡಿದಳು. ಭಾನುವಾರ ಬಂದ ಮಗನ ಕೈಗೂ ಎರಡು ಕೊಡ ಕೊಟ್ಟಳು. ಆರನೆಯ ಕೊಡಕ್ಕೆ ಅವನ ಸೊಂಟ ಹಿಡಿಯಿತು, ತೀರ್ಪು ಕೊಡುವ ದನಿ ಸ್ವಲ್ಪ ತಗ್ಗಿತು. ಪರೀಕ್ಷೆಯ ವರದಿ ಬರಲೆಂದು ಕಾಯಲಿಲ್ಲ. ಸೀಸ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬರುವುದರಿಂದ ಒಂದು ಬಾಟಲಿಯ ಸಾಕ್ಷಿಯನ್ನು ಪೂರ್ತಿ ನಂಬಲಾಗದು. ಐದನೆಯ ದಿನ ಆ ತುಂಡನ್ನು ತೆಗೆಸಿ, ಹೊಸ ಪೈಪು ಕೂಡಿಸಿ, ನೀರನ್ನು ಮೆಲ್ಲಗೆ ಬಿಟ್ಟು, ಬಹಳ ಹೊತ್ತು ಹರಿಸಿದೆವು. ಹರಿದ ನೀರನ್ನು ಬಕೀಟುಗಳಲ್ಲಿ ಹಿಡಿದು ಅಂಗಳಕ್ಕೂ ಹೂವಿನ ಗಿಡಗಳಿಗೂ ಹಾಕಿದ್ದಾಯಿತು. ನೀರು ಚೆಲ್ಲುವ ಧೈರ್ಯ ನಮ್ಮ ಊರಿನ ಹೆಂಗಸರಿಗೆ ಬರುವುದಿಲ್ಲ. ಖರ್ಚೆಲ್ಲ ಅಕ್ಕನದೇ, ಬಾಡಿಗೆಗೆ ಸೇರಿಸಲಿಲ್ಲ.

ಓದುವ ನಿಮ್ಮ ಮನೆಯೂ ಹಳೆಯದಾಗಿದ್ದರೆ ಒಂದು ಸಲ ನೆಲದಡಿಯ ಪೈಪು ಯಾವುದೆಂದು ಕೇಳಿ ತಿಳಿಯಿರಿ. ನೀರು ಬಂದ ದಿನ ಮೊದಲ ಕೊಡ ತಿಳಿಯಾಗಿ ಕಂಡರೂ ಅದನ್ನು ಪಾತ್ರೆ-ಬಟ್ಟೆಗೆ ಇಡಿ, ಕುಡಿಯಲು ಆಮೇಲಿನದು. ಸೀಸದ ಪೈಪಿದ್ದರೆ ಇಷ್ಟರಿಂದ ಕೇಡು ಕಡಿಮೆಯಾದೀತು, ಪೈಪು ತೆಗೆಸುವವರೆಗೆ ಹೋಗದು. ಮನೆ ಬಾಡಿಗೆಗೆ ಕೊಡುವವರಾಗಿದ್ದರೆ, ಗೊತ್ತಿರುವುದನ್ನು ಬಾಡಿಗೆ ಮಾತಾಡುವಾಗಲೇ ಹೇಳಿಬಿಡಿ, ಒಂದು ತಿಂಗಳು ಮನೆ ಖಾಲಿ ಬಿದ್ದರೂ ಚಿಂತೆಯಿಲ್ಲ. ನೀರು ಕೊಡುವುದು ಪುಣ್ಯವೆಂದ ಹಿರಿಯರ ಮಾತನ್ನು ನಾನು ತೆಗೆದುಹಾಕಲಾರೆ. ತಂಬಿಗೆಯಲ್ಲಿ ಏನಿದೆಯೆಂದು ತಿಳಿದುಕೊಳ್ಳುವುದೂ, ತಿಳಿದದ್ದನ್ನು ಕುಡಿಯುವವರಿಗೆ ಹೇಳುವುದೂ ಆ ಪುಣ್ಯದೊಳಗೇ ಸೇರಬೇಕು. ಬೇಕೋ ಬೇಡವೋ ಎಂಬುದನ್ನು ತಂಬಿಗೆ ಹಿಡಿದವರು ಹೇಳಲಿ.