ಮೊದಲು ಸಿಕ್ಕವರ ನೀರು

ಗುತ್ತಲದಲ್ಲಿ ನಮ್ಮದು ಮಳೆ ನಂಬಿದ ಹೊಲ. ಗೋವಿನಜೋಳ, ಹತ್ತಿ, ಮೋಡ ಕೈಕೊಟ್ಟರೆ ಎರಡೂ ಇಲ್ಲ. ರಾಣೆಬೆನ್ನೂರು ಕಡೆಯ ನನ್ನ ಸೋದರಮಾವನ ಹಣೆಬರಹ ಬೇರೆ. ಶಿವಮೊಗ್ಗದ ಗಾಜನೂರಿನಿಂದ ಹೊರಡುವ ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆ ನೀರು ಅವರ ಹೊಲಕ್ಕೆ ಬರುತ್ತೆ. ಅವರು ಭತ್ತ ಬೆಳೀತಾರೆ.

2023ರ ಬರಗಾಲದಲ್ಲಿ ಅವರ ಬದುವಿನ ಮೇಲೆ ನಿಂತು ಕೇಳಿದ್ದೆ: "ಮಾವ, ಇಷ್ಟು ನೀರು ನೀವ ತಗೊಂಡ್ರ ಕೆಳಗಿನೋರಿಗೆ ಏನು ಉಳೀತೈತಿ?" ಒಂದು ಕೆಜಿ ಭತ್ತಕ್ಕೆ ಸುಮಾರು 2,500 ಲೀಟರ್ ನೀರು ಅನ್ನೋ ಲೆಕ್ಕಾನೂ ಒಪ್ಪಿಸಿದೆ. ಮಾವ ನಕ್ಕರು. "ನೀ ಬೆಂಗಳೂರಾಗ ಉಣ್ಣೋ ಸೋನಾ ಮಸೂರಿ ಯಾವ ನೀರಾಗ ಬೆಳದದ್ದೋ ತಮ್ಮಾ?"

ಬಹುಶಃ ಇದೇ ನೀರಲ್ಲಿ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ನಮ್ಮ ಜಿಲ್ಲೆಯ ಅಂಚು ಸವರಿ, ಹೊಸಪೇಟೆಯ ಜಲಾಶಯ ಸೇರ್ತಾಳೆ. ಅಲ್ಲಿಂದ ಎಡದಂಡೆ ಕಾಲುವೆ 227 ಕಿ.ಮೀ. ಹರಿದು ರಾಯಚೂರಿಗೆ ಹೋಗಬೇಕು. ಯೋಜನೆ ಮಾಡಿದವರು ಬರದ ಸೀಮೆಯ ಆದಷ್ಟು ಹೊಲಗಳಿಗೆ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಾಗಿ ತೆಳುವಾಗಿ ಹಂಚಬೇಕು ಅಂದುಕೊಂಡಿದ್ದರು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಬಂತು. ಕೊನೆಯ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ರಸ್ತೆಗಿಳಿಯೋದು ಇವತ್ತಿಗೂ ನಿಂತಿಲ್ಲ.

ದುರಾಸೆ ಅಂದುಬಿಡೋದು ಸುಲಭ. ಆದರೆ ಮೇಲಿನ ಗದ್ದೆಯ ನೀರು ಬಸಿದು ಬಂದರೆ ಪಕ್ಕದವನ ಹತ್ತಿ ಕೊಳೆಯುತ್ತೆ. ಅವನೂ ಭತ್ತಕ್ಕೇ ಬರಬೇಕು. ಮುಂದಿನ ಸರದಿ ಯಾವಾಗಲೋ ಗೊತ್ತಿಲ್ಲದವನು ನೀರು ಬಂದ ದಿನವೇ ಮಡಿ ತುಂಬಿಸ್ಕೋತಾನೆ. ಆ ಮಡಿಯ ಮೇಲೆ ಎಷ್ಟು ಜನ! ಎಕರೆಗಿಷ್ಟು ಅಂತ ಗುತ್ತಿಗೆ ಹಿಡಿದು ನಾಟಿಗೆ ಬರೋ ಹೆಂಗಸರು, ಟ್ರ್ಯಾಕ್ಟರಿನವರು, ಮಿಲ್ಲಿನ ಹಮಾಲರು, ಹುಲ್ಲಿಗೆ ಕಾಯೋ ದನಗಳು. ಮಾವನ ಮಗಳ ನರ್ಸಿಂಗ್ ಫೀಸು ಕಟ್ಟಿದ್ದೂ ಭತ್ತವೇ. ಕಾಲುವೆಯ ಕೊನೆಯಲ್ಲೂ ಓದೋ ಹುಡುಗಿ ಇರ್ತಾಳೆ. ಅವಳು ನಮಗೆ ಕಾಣಲ್ಲ, ಅಷ್ಟೇ.

ಮರುವರ್ಷ, 2024ರ ಬೇಸಿಗೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೋರ್ ಬತ್ತಿ, ಟ್ಯಾಂಕರ್ ನೀರನ್ನು ಬೆಳಿಗ್ಗೆ ಒಂದು ಗಂಟೆ ಬಿಡೋರು. ನಾನು ಮೊದಲನೇ ಮಹಡಿ. ಕೆಳಗಿನವರು ನಲ್ಲಿ ತೆರೆದಿಟ್ಟರೆ ಮೇಲಿನವರಿಗೆ ನೀರು ಬರಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎರಡು ಡ್ರಮ್ಮು, ಬಕೆಟ್ಟುಗಳು, ಕೊನೆಗೆ ಕುಕ್ಕರನ್ನೂ ತುಂಬಿಸಿದೆ. ನಾಲ್ಕನೇ ಮಹಡಿಯ ಅಜ್ಜಿ ಖಾಲಿ ಕೊಡ ಹಿಡಿದು ಬಂದರು. ಒಂದು ಕೊಡ ಕೊಟ್ಟೆ. "ಥ್ಯಾಂಕ್ಸ್ ಕಣಪ್ಪ" ಅಂದರು. ಅವರ ಪಾಲಿನ ನೀರಿಗೇ ಅವರು ನನಗೆ ಥ್ಯಾಂಕ್ಸ್ ಹೇಳಿದ್ದು.

ಆ ಮಳೆಗಾಲ ಫೋನಿನಲ್ಲಿ ಮಾವನಿಗೆ ಇದನ್ನ ಹೇಳಿಕೊಂಡೆ. "ಆಮ್ಯಾಲ ನಲ್ಲಿ ಬಂದ್ ಮಾಡಿದ್ಯೇನು?"

"ನಾನೊಬ್ಬನ ಮಾಡ್ಲಿಲ್ಲ. ಎಲ್ಲಾರೂ ಕುಂತು ಮಾತಾಡಿ ವಾಲ್ವಿಗೆ ಸರದಿ ಹಾಕಿದ್ವಿ. ಮ್ಯಾಲಿನೋರಿಗೆ ಮೊದಲು."

"ಇಲ್ಲೂ ಅದ. ನಾನೊಬ್ಬ ತೂಬು ಮುಚ್ಚಿದ್ರ ಬಾಜೂದಾಂವ ಹಾಯಿಸ್ಕೋತಾನ. ಎಲ್ಲಾರೂ ಮುಚ್ಚಿದ್ರ ನಾನೂ ಮುಚ್ಚತೇನಿ."

ನೀರು ಬಳಕೆದಾರರ ಸಂಘದ ಸಭೆಯಲ್ಲಿ ಈ ಮಾತು ತೆಗೀತೀರಾ ಅಂತ ಕೇಳಿದೆ.

"ನಾಟಿ ಮುಗೀಲಿ," ಅಂದರು.