ಮೇಲಿನವರು, ಕೆಳಗಿನವರು

ಕನ್ನಂಬಾಡಿ ಕಟ್ಟೆಯ ಕೆಳಗೆ ಬದುಕುವ ನಮಗೆ ‘ಮೇಲೆ’, ‘ಕೆಳಗೆ’ ಎಂಬ ಮಾತುಗಳು ಬರಿಯ ದಿಕ್ಕನ್ನು ಸೂಚಿಸುವುದಿಲ್ಲ. ಮೇಲೆ ತೂಬು ಎತ್ತಿದರೆ ಕೆಳಗೆ ಗದ್ದೆ ನಗುತ್ತದೆ, ಇಳಿಸಿದರೆ ಬಾಡುತ್ತದೆ. ಮೇಲಿನವನ ಕೈಯಲ್ಲಿ ಕೆಳಗಿನವನ ಅನ್ನವಿದೆಯೆಂಬುದು ಇಲ್ಲಿ ಮಕ್ಕಳಿಗೂ ತಿಳಿದ ಸಂಗತಿ. ಕಂಪ್ಯೂಟರಿನ ಲೋಕದಲ್ಲಿಯೂ ಇದೇ ವ್ಯವಸ್ಥೆ ಉಂಟೆಂದು ನಾನು ಅರಿತದ್ದು ಈಚೆಗೆ.

ಪಾಂಡವಪುರದ ಕಡೆಯ ನಮ್ಮೂರಿನ ಪುಸ್ತಕ ಭಂಡಾರಕ್ಕೆ ನನ್ನ ತಂಗಿಯ ಮಗ ೨೦೧೨ರಲ್ಲಿ ಒಂದು ಸಣ್ಣ ತಂತ್ರಾಂಶ ಬರೆದುಕೊಟ್ಟಿದ್ದ. ಪುಸ್ತಕಗಳ ಪಟ್ಟಿ ಇಡುವುದು, ಬೆನ್ನಿಗೆ ಅಂಟಿಸುವ ಚೀಟಿ ಅಚ್ಚುಹಾಕುವುದು, ಇಷ್ಟೇ ಅದರ ಕೆಲಸ. ಯಂತ್ರದಲ್ಲಿದ್ದದ್ದು ಕಾಸು ಕೊಡದೆ ಸಿಗುವ ಲಿನಕ್ಸ್. ಹತ್ತು ವರ್ಷಕ್ಕೂ ಮಿಗಿಲಾಗಿ ಅದು ಎತ್ತಿನಂತೆ ದುಡಿಯಿತು. ಯಂತ್ರಕ್ಕೆ ಡೆಬಿಯನ್ ಲಿನಕ್ಸಿನ ಹೊಸ ಆವೃತ್ತಿಯನ್ನು ಹಾಕಿಸಿದ ಮಾರನೆಯ ದಿನ ಮಲಗಿಬಿಟ್ಟಿತು. ಭಂಡಾರವನ್ನು ನೋಡಿಕೊಳ್ಳುವ ವೃದ್ಧ ಮೇಷ್ಟ್ರು ಅಪರಾಧಿಯಂತೆ, “ನಾನೇನೂ ಮುಟ್ಟಲಿಲ್ಲ ಸ್ವಾಮಿ” ಎಂದರು. ಏನನ್ನೂ ಮುಟ್ಟದವನಿಗೇ ಏಕೆ ಈ ಶಿಕ್ಷೆ?

ದಸರೆಗೆ ಬಂದ ಹುಡುಗ ಪರೀಕ್ಷಿಸಿ ಹೇಳಿದ: “ಮಾವ, ಇದನ್ನು ಬರೆದದ್ದು ಪೈಥಾನ್ ೨ರಲ್ಲಿ. ಪೈಥಾನ್ ೩ ಬಂದದ್ದು ೨೦೦೮ರಲ್ಲಿ. ಹಳೆಯದನ್ನು ೨೦೨೦ರ ಜನವರಿ ೧ಕ್ಕೆ ನಿಲ್ಲಿಸಿದರು. ೨೦೨೩ರ ಡೆಬಿಯನ್ ೧೨ರಿಂದ ಅದನ್ನು ತೆಗೆದೇಬಿಟ್ಟರು.” ಮೂಲ ತಂತ್ರಾಂಶ ಬರೆಯುವವರನ್ನು ಅವರು ‘ಅಪ್‌ಸ್ಟ್ರೀಮ್’ ಎನ್ನುತ್ತಾರಂತೆ, ಎಂದರೆ ಹೊಳೆಯ ಮೇಲಿನವರು. ಅದನ್ನು ಪ್ಯಾಕೇಜುಗಳಾಗಿ ಕಟ್ಟಿ ಹಂಚುವ ಡೆಬಿಯನ್‌ನಂಥವರು ನಮ್ಮ ಕೆರೆಗಳ ನೀರುಗಂಟಿಗಳಂತೆ ನಡುವಿನವರು. ಗದ್ದೆಯವರು ನಾವು.

ಹುಡುಗ ವ್ಯಾಕರಣ ತಿದ್ದಿದ. ತಂತ್ರಾಂಶ ಎದ್ದು ನಡೆಯಿತು. ಆದರೆ ಪುಸ್ತಕಗಳ ಹೆಸರು ಚೀಟಿಯ ಅಂಚು ದಾಟಿ ಹರಿಯತೊಡಗಿತು! ಕಾರಣ ಸ್ವಾರಸ್ಯವಾದದ್ದು. ಹಳೆಯ ಪೈಥಾನ್ ಅಕ್ಷರಗಳನ್ನು ಎಣಿಸದೆ ಬೈಟುಗಳನ್ನು ಎಣಿಸುತ್ತಿತ್ತು. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-೮ ಬರಹದಲ್ಲಿ ಮೂರು ಬೈಟು. ‘ಕನ್ನಡ’ ಎಂದರೆ ಅದರ ಲೆಕ್ಕಕ್ಕೆ ಹದಿನೈದು. ಹೊಸದು ಒತ್ತಿನ ಚಿಹ್ನೆಯನ್ನೂ ಸೇರಿಸಿ ಐದು ಎನ್ನುತ್ತದೆ. ಚೀಟಿಯಲ್ಲಿ ಇಪ್ಪತ್ತು ಚಿಹ್ನೆ ಹಿಡಿಯಲೆಂದು ಹುಡುಗ ಅಂದು ಅರವತ್ತಕ್ಕೆ ಕತ್ತರಿಸಿದ್ದ. ಮೇಲಿನವರು ತಪ್ಪನ್ನು ತಿದ್ದಿಕೊಂಡಾಗ, ಆ ತಪ್ಪಿಗೆ ಇವನು ಹಾಕಿದ್ದ ತೇಪೆಯೇ ತಪ್ಪಾಯಿತು.

ಇಲ್ಲಿ ದೋಷ ಯಾರದು? ಬದಲಾವಣೆ ಅನ್ಯಾಯವಾಗಿರಲಿಲ್ಲ, ನಮ್ಮಂಥ ಲಿಪಿಗಳಿಗೆ ಸಲ್ಲಬೇಕಾದ ಮರ್ಯಾದೆಯನ್ನೇ ಅದು ಸಲ್ಲಿಸಿತು. ಆದರೂ ತಪ್ಪಿನ ಮೇಲೆ ಮನೆ ಕಟ್ಟಿಕೊಂಡವನಿಗೆ ಸರಿಯೂ ಭೂಕಂಪವೇ.

೧೯೧೧ರಲ್ಲಿ ನಮ್ಮ ಕಟ್ಟೆಯ ಕೆಲಸ ಆರಂಭವಾದಾಗ, ಕೆಳಗೆ ಅದಕ್ಕಿಂತ ಹಳೆಯ ನಾಲೆಗಳಿದ್ದವು: ವಿರಿಜಾ, ಚಿಕ್ಕದೇವರಾಯಸಾಗರ, ಬಂಗಾರದೊಡ್ಡಿ. ಮೇಲೆ ಅಷ್ಟು ದೊಡ್ಡ ಕಟ್ಟೆ ಎದ್ದರೂ ಅವು ಸತ್ತುಹೋಗಲಿಲ್ಲ. ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಆದರೆ ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು. ಅಲ್ಲಿನ ಜನ ಬೇರೆಡೆ ಒಲೆ ಹೂಡಬೇಕಾಯಿತು. ಹೊಸದು ಹಳೆಯದರಲ್ಲಿ ಬಹಳಷ್ಟನ್ನು ಉಳಿಸಬಲ್ಲದು, ಎಲ್ಲವನ್ನೂ ಉಳಿಸಲಾರದು.

ಹಾಗಾದರೆ ಏನನ್ನೂ ಬದಲಿಸಕೂಡದೆ? ಲಿನಕ್ಸಿನ ತಿರುಳಾದ ಕರ್ನೆಲ್ ವಿಷಯದಲ್ಲಿ, ಅದನ್ನು ೧೯೯೧ರಲ್ಲಿ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಅಂಥದೊಂದು ನಿಯಮವನ್ನೇ ಹಿಡಿದಿದ್ದಾರೆ: ಕೆಳಗೆ ನಡೆಯುತ್ತಿರುವ ತಂತ್ರಾಂಶ ಮೇಲಿನ ಬದಲಾವಣೆಯಿಂದ ಕೆಡಬಾರದು. ಉದಾತ್ತ ನಿಯಮ. ಆದರೆ ಸಂಬಳವಿಲ್ಲದೆ ಬಿಡುವಿನಲ್ಲಿ ಬರೆಯುವ ಎಷ್ಟೋ ಮಂದಿಗೆ ಹಳೆಯ ದಾರಿ, ಹೊಸ ದಾರಿ ಎರಡನ್ನೂ ಗುಡಿಸುತ್ತಿರೆಂದು ಹೇಳುವುದು ಬಿಟ್ಟಿ ದುಡಿಮೆಯನ್ನು ಕೇಳಿದಂತೆ. ಹಳೆಯದರ ಬಿರುಕುಗಳನ್ನು ಮುಚ್ಚುವವರಿಲ್ಲದಿದ್ದರೆ ಕಳ್ಳನಿಗೂ ಅದೇ ದಾರಿಯಾಗುತ್ತದೆ.

ಆದ್ದರಿಂದ ಮೇಲಿನವನಿಂದ ನಾವು ಕೇಳತಕ್ಕದ್ದು ಬದಲಾಗಬೇಡವೆಂದಲ್ಲ. ಕಾರಣ ಹೇಳು, ಮೊದಲೇ ಸಾರು, ಕಾಲಾವಕಾಶ ಕೊಡು, ಎಂದು. ನಡುವಿನವರ ಧರ್ಮ ಹದವರಿತು ತೂಬು ಎತ್ತುವುದು. ಡೆಬಿಯನ್‌ನವರು ಸುಮಾರು ಎರಡು ವರ್ಷಕ್ಕೊಮ್ಮೆ ಸ್ಥಿರ ಆವೃತ್ತಿ ಹೊರಡಿಸಿ, ಅದರೊಳಗೆ ಸುರಕ್ಷತೆಯ ಹಾಗೂ ಗಂಭೀರ ದೋಷಗಳ ತಿದ್ದುಪಡಿಗಳಿಗಷ್ಟೇ ಎಡೆಗೊಡುವುದು ಇದಕ್ಕಾಗಿಯೇ. ಕೆಳಗಿನವನ ಧರ್ಮ, ಸಾರಿದ್ದನ್ನು ಕಿವಿಗೊಟ್ಟು ಕೇಳುವುದು.

“ಹನ್ನೊಂದು ವರ್ಷ ಸಾರಿದರು ಮಾವ, ನಾನೇ ಕೇಳಿಸಿಕೊಳ್ಳಲಿಲ್ಲ” ಎಂದ ಹುಡುಗ. “ನೀನು ಕೇಳಿಸಿಕೊಳ್ಳಲಿಲ್ಲ, ಸರಿ. ಮೇಷ್ಟ್ರಿಗೆ ಸಾರಿದವರು ಯಾರು?” ಎಂದೆ. ಅವನು ಸುಮ್ಮನಾದ. ಮೇಲಿನವರ ಕೆಳಗೆ ತಾನೆಂದುಕೊಂಡಿದ್ದವನಿಗೆ, ಮೇಷ್ಟ್ರ ಪಾಲಿಗೆ ತಾನೇ ಮೇಲಿನವನೆಂಬುದು ಹೊಳೆದಿರಲಿಲ್ಲ. ಬರೆದುಕೊಟ್ಟು ಬೆಂಗಳೂರಿಗೆ ಹೋಗಿದ್ದ. ಅರವತ್ತು ಏಕೆಂದು ಒಂದು ಸಾಲೂ ಬರೆದಿಟ್ಟಿರಲಿಲ್ಲ. ಹೊಳೆಯಲ್ಲಿ ನಮ್ಮ ಜಾಗವನ್ನು ನೋಡುವಾಗ ನಾವು ತಿರುಗಿ ನೋಡುವುದು ಯಾವಾಗಲೂ ಮೇಲಕ್ಕೆ. ದೂರು ಹೇಳಲು ಅದು ಅನುಕೂಲ. ಕೆಳಕ್ಕೆ ನೋಡಿದರೆ ಹೊಣೆ ಕಾಣಿಸುತ್ತದೆ.

ಹೊರಡುವ ಮುನ್ನ ಹುಡುಗ ಅರವತ್ತನ್ನು ಇಪ್ಪತ್ತು ಮಾಡಿದ. ಅದು ಏಕೆ, ಯಾವುದು ಯಾವುದರ ಮೇಲೆ ನಿಂತಿದೆ, ಕೆಟ್ಟರೆ ಯಾರನ್ನು ಕೇಳಬೇಕು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದಲ್ಲಿ ದಾರಕಟ್ಟಿ ತೂಗುಹಾಕಿದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮೊದಲ ಪುಟ ಓದಿ, ಒಂದು ಕಾಗುಣಿತದ ತಪ್ಪನ್ನು ತಿದ್ದಿದರು.